ಬೋರ್ಡಿನ ತುಂಬ ಚುಕ್ಕಿ

“ಎಣಸು, ಎಣಸು. ಮ್ಯಾಲಿನ ಸಾಲಿನ್ಯಾಗ ಎಷ್ಟ ಅದಾವು?” ಎಂದ ಭರತ.

“ಇಪ್ಪತ್ತೆರಡು,” ಎಂದಳು ಶೈಲಾ.

“ಅದರ ಕೆಳಗ?”

“ಹದಿನಾರು. ಅದರ ಕೆಳಗ ಮತ್ತ ಇಪ್ಪತ್ತು. ಒಟ್ಟ ಐದ ಸಾಲ ಅದಾವು ಭರತಣ್ಣ. ಎಲ್ಲಾ ಬರೀ ಚುಕ್ಕಿ.”

ಇಬ್ಬರೂ ಶೈಲಾಳ ಅವ್ವನ ಮೊಬೈಲಿನ ಮೇಲೆ ಬಗ್ಗಿ ಕೂತಿದ್ದರು. ತಲೆಗೆ ತಲೆ ತಾಗುತ್ತಿತ್ತು. ಮೊಬೈಲಿನಲ್ಲಿ ‘ಬ್ರಿಕ್ ಬಸ್ತಿ’ ಎಂಬ ಗೇಮ್ ತೆರೆದಿತ್ತು. ಅದರಲ್ಲಿ ಬಣ್ಣದ ಇಟ್ಟಿಗೆಗಳಿಂದ ಮನೆ ಕಟ್ಟಬೇಕು, ಹಿತ್ತಲು ಮಾಡಬೇಕು, ಎಮ್ಮೆ ಸಾಕಬೇಕು. ಬೇರೆ ಬೇರೆ ಊರಲ್ಲಿ ಕೂತು ಆಡುವ ಗೆಳತಿಯರೂ ಗೇಮಿನಲ್ಲಿ ಒಂದೇ ಓಣಿಯಲ್ಲಿ ಮನೆ ಕಟ್ಟಬಹುದು. ಒಬ್ಬರ ಅಂಗಳಕ್ಕೆ ಇನ್ನೊಬ್ಬರು ಹೋಗಿ ಬೋರ್ಡ್ ನೆಟ್ಟು, ಅದರ ಮೇಲೆ ಏನಾದರೂ ಬರೆದು ಬರಬಹುದು.

ಇವತ್ತು ಶೈಲಾಳ ಅಂಗಳದಲ್ಲಿ ಒಂದು ಹೊಸ ಬೋರ್ಡ್ ನಿಂತಿತ್ತು. ಮೇಲ್ಗಡೆ ‘ಸುಲ್ತಾನಾ ಬರೆದದ್ದು’ ಎಂದಿತ್ತು. ಅದರ ಕೆಳಗೆ ಮಾತ್ರ ಒಂದು ಅಕ್ಷರವೂ ಇರಲಿಲ್ಲ. ಸಾಲಿಗೆ ಸಾಲು ಚುಕ್ಕಿಗಳೇ ಇದ್ದವು.

“ಹಿಂಗಂದ್ರ ಏನು?” ಎಂದು ಕೇಳಿದಳು ಶೈಲಾ.

ಭರತ ಅವಳ ದೊಡ್ಡಪ್ಪನ ಮಗ, ಎಂಟನೇ ಕ್ಲಾಸು. ಗೇಮಿನ ವಿಷಯದಲ್ಲಿ ಇಡೀ ಅಂಕಲಿ ಊರಲ್ಲಿ ತನ್ನಷ್ಟು ಶಾಣ್ಯಾ ಯಾರೂ ಇಲ್ಲ ಎಂದು ಅವನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾನೆ. ಈಗ ಅವನು ದವಾಖಾನೆಯ ಡಾಕ್ಟರರ ಹಾಗೆ ಹುಬ್ಬು ಗಂಟು ಹಾಕಿದ.

“ಬೈದಾಳ,” ಎಂದ.

“ಏನಂದಿ?”

“ಸುಲ್ತಾನಾ ನಿನಗ ಬೈದಾಳ. ಕೆಟ್ಟ ಮಾತ ಬರದ್ರ ಗೇಮ್ ಅದನ್ನ ಮುಚ್ಚಿ ಚುಕ್ಕಿ ಹಾಕತೈತಿ. ನಾ ಆಡೂ ಫೈಟಿಂಗ್ ಗೇಮಿನ್ಯಾಗ ದಿನಾ ನೋಡ್ತೀನಲ್ಲ. ಒಂದ ಬೈಗಳಕ್ಕ ನಾಕ ಚುಕ್ಕಿ, ಐದ ಚುಕ್ಕಿ ಬರ್ತಾವು. ಇಲ್ಲಿ ನೋಡು, ಐದ ಸಾಲ! ಇಷ್ಟ ಬೈಗಳ ನನಗೂ ಬರೂದಿಲ್ಲ.”

ಅವನ ದನಿಯಲ್ಲಿ ಸುಲ್ತಾನಾಳ ಬಗ್ಗೆ ತುಸು ಗೌರವವೇ ಇತ್ತು.

ಶೈಲಾಗೆ ನಂಬಿಕೆ ಬರಲಿಲ್ಲ. ಸುಲ್ತಾನಾ ಬೈಯುವುದೇ? ಒಂದನೇ ಕ್ಲಾಸಿನಿಂದ ನಾಲ್ಕನೇ ಕ್ಲಾಸಿನವರೆಗೆ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತವರು. ಬೇರೆಯವರು ತನ್ನ ಕಾಲು ತುಳಿದರೂ ತಾನೇ “ಸಾರಿ” ಎನ್ನುವ ಹುಡುಗಿ ಅವಳು. ಮೇ ತಿಂಗಳಲ್ಲಿ ಅವಳ ಅಪ್ಪ ಮೌಲಾಲಿ ಚಾಚಾ ತಮ್ಮ ವೆಲ್ಡಿಂಗ್ ಅಂಗಡಿಯನ್ನು ನಿಪ್ಪಾಣಿಗೆ ಒಯ್ದರು. ಅಲ್ಲಿ ಕಬ್ಬಿನ ಟ್ರಾಲಿಗಳ ಕೆಲಸ ಜಾಸ್ತಿ ಸಿಗುತ್ತದಂತೆ. ಅಂಗಡಿಯ ಹಿಂದೆ ಸುಲ್ತಾನಾಳೂ ಹೋದಳು. ಅವತ್ತಿನಿಂದ ಗೆಳತಿಯರ ಭೇಟಿ ಎಂದರೆ ಬ್ರಿಕ್ ಬಸ್ತಿಯಲ್ಲಿ ಮಾತ್ರ, ಹೋಮ್‌ವರ್ಕ್ ಮುಗಿದ ಮೇಲೆ ಸಿಗುವ ಅರ್ಧ ತಾಸು.

ನಂಬಿಕೆಯೇನೋ ಬರಲಿಲ್ಲ. ಆದರೂ ಶೈಲಾ ಆ ಚುಕ್ಕಿಗಳನ್ನು ಇನ್ನೊಮ್ಮೆ ಎಣಿಸಿದಳು. ಯಾಕೆಂದರೆ ಬೈಸಿಕೊಳ್ಳುವಂಥ ಕೆಲಸವೊಂದನ್ನು ಅವಳು ಮಾಡಿ ಕೂತಿದ್ದಳು.

ಮೂರು ವಾರದಿಂದ ಸುಲ್ತಾನಾ ಗೇಮಿಗೆ ಬಂದಿರಲಿಲ್ಲ. “ನಾ ಬರೂತನಕ ನನ್ನ ಮನಿ ನೋಡಕೋ,” ಎಂದು ಗೇಮಿನ ತನ್ನ ಮನೆಯ ಕೀ ಕೊಟ್ಟು ಹೋಗಿದ್ದಳು. ಶೈಲಾ ಒಂದು ವಾರ ಚೆನ್ನಾಗಿಯೇ ನೋಡಿಕೊಂಡಳು. ಎರಡನೇ ವಾರ ಅವಳ ಎಮ್ಮೆಯ ಕೊಟ್ಟಿಗೆಗೆ ಬಾಗಿಲು ಬೇಕಾಯಿತು. ಹೊಸ ಬಾಗಿಲು ಸಿಗಬೇಕಾದರೆ ಹತ್ತು ದಿನ ಆಡಬೇಕು. ಸುಲ್ತಾನಾಳ ಮನೆಯಲ್ಲಿ ಎರಡು ನೀಲಿ ಬಾಗಿಲು ಸುಮ್ಮನೆ ನಿಂತಿದ್ದವು. ಶೈಲಾ ಒಂದನ್ನು ಕಿತ್ತು ತಂದಳು. ಒಂದೇ ಬಾಗಿಲು ಚೆಂದ ಕಾಣಲಿಲ್ಲವೆಂದು ಇನ್ನೊಂದನ್ನೂ ತಂದಳು. ನಾಳೆ ವಾಪಸ್ ಇಟ್ಟರಾಯಿತು, ನಾಡಿದ್ದು ಇಟ್ಟರಾಯಿತು ಎನ್ನುತ್ತಲೇ ದಿನ ಕಳೆದವು.

ಇದನ್ನು ಭರತನಿಗೆ ಹೇಳಬಾರದಿತ್ತು. ಹೇಳಿದಳು.

“ಮುಗೀತ ಬಿಡು!” ಭರತ ತೊಡೆ ತಟ್ಟಿಕೊಂಡ. “ಬಂದ ನೋಡ್ಯಾಳ. ಬಾಗಲಾ ಇಲ್ಲ. ಬೈದಾಳ. ನಾ ಆಗಿದ್ರೂ ಬೈತಿದ್ನಿ.”

ಶೈಲಾಗೆ ಮೊದಲು ನಾಚಿಕೆಯಾಯಿತು. ಆಮೇಲೆ ಸಿಟ್ಟು ಬಂತು. ತಪ್ಪು ನಮ್ಮದೇ ಇದ್ದಾಗ ಬರುವ ಸಿಟ್ಟು ಇದೆಯಲ್ಲ, ಅದರ ಜೋರೇ ಜೋರು. ಎರಡು ಬಾಗಿಲಿಗೆ ಐದು ಸಾಲು ಬೈಗಳವೇ? ಅದೂ ಆಟದ ಬಾಗಿಲು! ಕೇಳಿದ್ದರೆ ತಾನು ವಾಪಸ್ ಕೊಡುತ್ತಿರಲಿಲ್ಲವೇ?

“ನಾನೂ ಬರೀತೀನಿ,” ಎಂದಳು.

“ಬರಿ. ಹೆಂಗಿದ್ರೂ ಚುಕ್ಕಿನ ಕಾಣತಾವು. ನೀ ಏನ ಬರದಿ ಅಂತ ಆಕಿಗೆ ತಿಳಿಯೂದಿಲ್ಲ. ನೀನೂ ಬೈದಿ ಅನ್ನೂದಷ್ಟ ತಿಳಿತೈತಿ.”

ಇದು ಶೈಲಾಗೆ ಬಹಳ ಸರಿ ಎನಿಸಿತು. ಬೈದ ಹಾಗೂ ಆಯಿತು, ಬೈಯದ ಹಾಗೂ ಆಯಿತು. ಆದರೆ ಬರೆಯುವುದಾದರೂ ಏನು? ಅವಳಿಗೆ ಗೊತ್ತಿದ್ದ ಬೈಗಳವೆಲ್ಲ ಅಜ್ಜಿ ಸುಂದ್ರವ್ವನವು. ಅಜ್ಜಿಯನ್ನು ಮನೆಯಲ್ಲಿ ಎಲ್ಲರೂ ‘ಆಯಿ’ ಎನ್ನುತ್ತಾರೆ. ಆಯಿ ಬೆಳಿಗ್ಗೆ ಎದ್ದಳೆಂದರೆ ಬೆಕ್ಕಿಗೆ, ಎಮ್ಮೆಗೆ, ಹೋದ ಕರೆಂಟಿಗೆ, ಸಿಗದ ಕನ್ನಡಕಕ್ಕೆ, ಯಾವುದನ್ನೂ ಬಿಡದೆ ಬೈಯುತ್ತಾಳೆ. ನಿನ್ನೆ ಹಾಲು ಕುಡಿದ ಬೆಕ್ಕಿಗೆ ಬೈದದ್ದು ಶೈಲಾಗೆ ನೆನಪಾಯಿತು.

ಅವಳು ಗೇಮಿನ ಓಣಿ ದಾಟಿ ಸುಲ್ತಾನಾಳ ಅಂಗಳಕ್ಕೆ ಹೋದಳು. ಬಾಗಿಲಿಲ್ಲದ ಆ ಮನೆಯ ಮುಂದೆ ಬೋರ್ಡ್ ನೆಟ್ಟಳು. ‘ನಿಮ್ಮ ಮನಿ ಹಾಳಾಗ್ಲಿ’ ಎಂದು ಟೈಪ್ ಮಾಡಿ ಬಟನ್ ಒತ್ತಿದಳು.

“ಚುಕ್ಕಿ ಬರಲಿಲ್ಲ ಭರತಣ್ಣ!”

“ಬರದವ್ರಿಗೆ ತಾವು ಬರದಿದ್ದು ಹಂಗ ಕಾಣತೈತಿ. ಬ್ಯಾರೆದವ್ರಿಗೆ ಅಷ್ಟ ಚುಕ್ಕಿ. ತಡಿ, ನನ್ನ ಮೊಬೈಲ್‌ನ್ಯಾಗ ತೋರಸ್ತೀನಿ.”

ಮೊಬೈಲ್ ಅವನದಲ್ಲ, ದೊಡ್ಡಪ್ಪನದು. ಅದರಲ್ಲಿ ಅವನೂ ಬ್ರಿಕ್ ಬಸ್ತಿ ತೆರೆದ. ಸುಲ್ತಾನಾಳ ಅಂಗಳಕ್ಕೆ ಹೋದ. ಮೊಬೈಲನ್ನು ಕಣ್ಣಿನ ಹತ್ತಿರ ತಂದುಕೊಂಡ.

“ಏನಾತು?”

“ಕಾಣಾಕತ್ತೈತಿ.”

“ಏನ ಕಾಣಾಕತ್ತೈತಿ?”

“ಎಲ್ಲಾ.”

ಶೈಲಾ ಕಣ್ಣರಳಿಸಿ ನೋಡಿದಳು. ಹೌದು, ಒಂದು ಚುಕ್ಕಿಯೂ ಇಲ್ಲ. ‘ನಿಮ್ಮ ಮನಿ ಹಾಳಾಗ್ಲಿ.’ ಗೇಮ್ ತಾನಾಗಿಯೇ ಬೋರ್ಡಿನ ಮೂಲೆಯಲ್ಲಿ ಒಂದು ಗುಲಾಬಿ ಹೂವು ಬೇರೆ ಇಟ್ಟಿತ್ತು.

“ತಗಿ ಅದನ್ನ! ಲಗೂನ ತಗಿ!”

ತೆಗೆಯಲು ಬರಲಿಲ್ಲ. ಒಬ್ಬರ ಅಂಗಳದಲ್ಲಿ ನೆಟ್ಟ ಬೋರ್ಡನ್ನು ಆ ಅಂಗಳದವರೇ ಕೀಳಬೇಕು. ಗೇಮಿನ ರೂಲ್ ಅದು. ಇಬ್ಬರೂ ಸಿಕ್ಕ ಸಿಕ್ಕ ಬಟನ್ ಒತ್ತುತ್ತಿರುವಾಗಲೇ ಒಳಗಿನಿಂದ ಅವ್ವ ಬಂದಳು.

“ಅರ್ಧಾ ತಾಸ ಆತು. ಕೊಡ ಇಲ್ಲಿ ಮೊಬೈಲ್,” ಎಂದು ಇಸಕೊಂಡು ಹೋದಳು.

ಮರುದಿನ ಗಣಿತದ ಪಿರಿಯಡ್ಡಿನಲ್ಲಿ ಶೈಲಾಗೆ ಒಂದು ಲೆಕ್ಕವೂ ತಲೆಗೆ ಹೋಗಲಿಲ್ಲ. ಅವಳ ತಲೆಯೊಳಗೆ ಬೇರೆಯದೇ ಲೆಕ್ಕ ನಡೆದಿತ್ತು. ಎಲ್ಲೋ ದೂರದ ಆಫೀಸಿನಲ್ಲಿ ಒಬ್ಬ ಮನುಷ್ಯ ಚುಕ್ಕಿಗಳ ಡಬ್ಬಿ ಇಟ್ಟುಕೊಂಡು ಕೂತಿರಬೇಕು. ಬಂದ ಬೋರ್ಡನ್ನೆಲ್ಲ ಓದಿ, ಕೆಟ್ಟದ್ದು ಕಂಡರೆ ಚುಕ್ಕಿ ಅಂಟಿಸುತ್ತಾನೆ. ಸುಲ್ತಾನಾಳ ಬೋರ್ಡನ್ನು ಪೂರಾ ಮುಚ್ಚಿದ. ನನ್ನದನ್ನು ಬಿಟ್ಟ, ಹೂವು ಬೇರೆ ಇಟ್ಟ. ಹಾಗಾದರೆ ನಾನು ಬರೆದದ್ದು ಕೆಟ್ಟದ್ದಲ್ಲವೇ?

ಮನೆಗೆ ಬಂದವಳೇ ಆಯಿಯನ್ನು ಕೇಳಿದಳು.

“ಆಯಿ, ‘ಮನಿ ಹಾಳಾಗ್ಲಿ’ ಅಂದ್ರ ಕೆಟ್ಟ ಮಾತೇನ?”

ಆಯಿ ಅವರೆಕಾಯಿ ಸುಲಿಯುತ್ತಿದ್ದಳು. “ಯಾರಿಗೆ ಅಂತಾರ ಅನ್ನೂದರ ಮ್ಯಾಲ ಐತಿ.”

“ನೀ ಬೆಕ್ಕಿಗೆ ಅಂದೆಲ್ಲ.”

“ಬೆಕ್ಕ ಎಲ್ಲಿ ಮನಿ ಕಟ್ಟೈತಿ, ಹಾಳಾಗಾಕ? ಮನಷಾರಿಗೆ ಅನಬಾರ್ದವಾ. ಮನಿ ಕಟ್ಟೂದಂದ್ರ ಏನ ಹುಡಗಾಟೇನ? ನಿನಗ ಯಾರ ಅಂದ್ರು?”

“ಯಾರೂ ಇಲ್ಲ,” ಎಂದು ಶೈಲಾ ಅಲ್ಲಿಂದ ಎದ್ದಳು.

ಗುರುವಾರ ಗೇಮ್ ತೆರೆದಾಗ ಸುಲ್ತಾನಾಳ ಅಂಗಳದ ಬೋರ್ಡ್ ಮಾಯವಾಗಿತ್ತು. ಶೈಲಾ ಎರಡೂ ಬಾಗಿಲು ಹೊತ್ತುಕೊಂಡು ಅಲ್ಲಿಗೆ ಓಡಿದಳು. ಆದರೆ ಅಂಗಳದ ಗೇಟಿಗೆ ಬೀಗ ಬಿದ್ದಿತ್ತು. ‘ಇಲ್ಲಿ ನಿಮಗೆ ಪ್ರವೇಶ ಇಲ್ಲ’ ಎಂದಿತು ಗೇಮ್. ಅಂದರೆ ಸುಲ್ತಾನಾ ಬಂದಿದ್ದಳು, ಓದಿದ್ದಳು, ಬೋರ್ಡ್ ಕಿತ್ತಿದ್ದಳು. ಶೈಲಾಳ ಕೀಯನ್ನೂ ಬಂದ್ ಮಾಡಿದ್ದಳು. ಎರಡು ನೀಲಿ ಬಾಗಿಲುಗಳು ಗೇಟಿನ ಹೊರಗೇ ಉಳಿದವು.

ಶೈಲಾ ಧೈರ್ಯ ಮಾಡಿ ಅವ್ವನ ಮೊಬೈಲಿನಿಂದ ಫೋನ್ ಹಚ್ಚಿದಳು. ಎತ್ತಿದ್ದು ಸುಲ್ತಾನಾಳ ತಾಯಿ ಮದಿನಾಬಿ ಚಾಚಿ. ಹಿಂದೆ ಯಾವುದೋ ಮಶಿನ್ನಿನ ಕರಕರ ಸದ್ದು ಕೇಳುತ್ತಿತ್ತು.

“ಚಾಚಿ, ನಾನ್ರಿ, ಶೈಲಾ.”

“ಹಾಂ ಬೇಟಾ, ಹೇಳು.”

ಹೇಳಬೇಕೆಂದಿದ್ದ ಮಾತು ಬಿಟ್ಟು ಶೈಲಾ “ಊಟ ಆತ್ರಿ?” ಎಂದುಬಿಟ್ಟಳು.

“ಸಂಜಿ ಐದಕ್ಕ ಯಾವ ಊಟ?” ಚಾಚಿ ಜೋರಾಗಿ ನಕ್ಕರು. “ತಡಿ, ಸುಲ್ತಾನಾಗ ಕೊಡ್ತೀನಿ.”

ಚಾಚಿ ಕರೆಯುವುದು ಕೇಳಿಸಿತು. ಸುಲ್ತಾನಾಳ ದನಿ ಮಾತ್ರ ಕೇಳಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಚಾಚಿಯೇ ಮತ್ತೆ ಮಾತಾಡಿದರು. “ಆಕಿಗೆ ಹೊಟ್ಟಿ ನೋಯಾಕತ್ತೈತಂತ. ಆಮ್ಯಾಲ ತಾನ ಮಾಡ್ತಾಳಂತ.”

ಶುಕ್ರವಾರ ಫೋನ್ ಬರಲಿಲ್ಲ. ಶನಿವಾರವೂ ಬರಲಿಲ್ಲ.

ರವಿವಾರ ಬೆಳ್‌ಬೆಳಿಗ್ಗೆ ಅಂಗಳದಲ್ಲಿ ಬೈಕ್ ನಿಂತ ಸದ್ದಾಯಿತು. ಶೈಲಾ ಕಿಟಕಿಯಿಂದ ಇಣುಕಿದಳು. ಮೌಲಾಲಿ ಚಾಚಾ ಮತ್ತು ಮದಿನಾಬಿ ಚಾಚಿ! ಖಂಡಿತ ದೂರು ಹೇಳಲಿಕ್ಕೇ ಬಂದಿದ್ದಾರೆ. ಅವಳು ಅಡುಗೆಮನೆಯ ಬಾಗಿಲ ಹಿಂದೆ ನಿಂತಳು.

“ಬರ್ರಿ, ಬರ್ರಿ ಮೌಲಾಲಿ,” ಎಂದರು ಅಪ್ಪ ಜಯಪಾಲ. “ಭಾಳ ದಿವಸಕ್ಕ ಬಂದ್ರಿ.”

“ಕರಿಯಾಕ ಬಂದೇವಿ ಜಯಪಾಲಣ್ಣ. ಬರೂ ರವಿವಾರ ನಮ್ಮ ಹೊಸಾ ಮನಿ ಒಕ್ಕಲ. ಅವತ್ತ ನಿಮ್ಮ ಮನ್ಯಾಗ ಒಲಿ ಹೊತ್ತಬಾರ್ದ ನೋಡ್ರಿ. ಆಯೀನ ಕರಕೊಂಡ ಎಲ್ಲಾರೂ ಬರಬೇಕ. ನಿಮಗ ಶಾಕಾಹಾರಿ ಅಡಗಿ ಬ್ಯಾರೆ, ಅಡಗಿಯವ್ರೂ ಬ್ಯಾರೆ.”

ಆ ಕಡೆ ಗೃಹಪ್ರವೇಶದ ಕರೆ ಎಂದರೆ ಹಾಗೆಯೇ. ಒಲೆ ಹೊತ್ತಿಸಬೇಡಿ ಎಂದರೆ ಮನೆಮಂದಿಗೆಲ್ಲ ಅಲ್ಲೇ ಊಟ ಎಂದರ್ಥ. ಮತ್ತೆ ಹತ್ತಿರದವರನ್ನು ಫೋನಿನಲ್ಲಿ ಕರೆದರೆ ಕರೆದ ಹಾಗಲ್ಲ. ಗಂಡ ಹೆಂಡತಿ ಜೋಡಿಯಾಗಿ ಮನೆಗೇ ಬಂದು, ದಿನ, ವೇಳೆ, ಜಾಗ ಎಲ್ಲ ಬಾಯಿಬಿಟ್ಟು ಹೇಳಿ, ಕಾರ್ಡ್ ಕೈಗೆ ಕೊಡಬೇಕು. ಯಾರನ್ನು ಮೊದಲು ಕರೆದರು, ಯಾರನ್ನು ಆಮೇಲೆ ಕರೆದರು ಎಂಬುದನ್ನು ಜನ ವರ್ಷಗಟ್ಟಲೆ ನೆನಪಿಡುತ್ತಾರೆ. ಆಯಿಯಂತೂ ಯಾರದೋ ಮದುವೆಗೆ ತನ್ನನ್ನು ಎಂಟನೆಯವಳಾಗಿ ಕರೆದದ್ದನ್ನು ಈಗಲೂ ಹೇಳುತ್ತಾಳೆ.

ಬಾಗಿಲ ಹಿಂದೆ ಶೈಲಾಗೆ ‘ಹೊಸಾ ಮನಿ’ ಎಂಬ ಎರಡು ಮಾತು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಆಟದ ಮನೆಗೆ ಬೈದಿದ್ದೇನೆ ಎಂದುಕೊಂಡಿದ್ದಳು. ಅವರು ನಿಜವಾದ ಮನೆಯನ್ನೇ ಕಟ್ಟುತ್ತಿದ್ದರು.

“ಶೈಲಾ ಎಲ್ಲಿ?” ಮದಿನಾಬಿ ಚಾಚಿ ಕೂಗಿದರು. “ಬಾ ಇಲ್ಲಿ. ಹಂಗ ನೋಡಿದ್ರ ನಾವ ನಿಮ್ಮನ್ನ ಕರಿಯಾಕ ಬಂದಿದ್ದು ಎರಡನೇ ಸಲಾ. ಪೈಲಾ ಕರದಾಕಿ ನಮ್ಮ ಸುಲ್ತಾನಾ.”

“ಹೌದೇನ? ಯಾವಾಗ?” ಎಂದು ಅವ್ವ ಕೇಳಿದಳು.

“ಆಕಿ ಹಟಾ ಏನ ಹೇಳೂದ್ರಿ ಅಕ್ಕಾ. ‘ಎಲ್ಲಾರಕಿಂತ ಪೈಲಾ ನಾ ಶೈಲಾನ ಕರೀತೀನಿ, ಆಮ್ಯಾಲ ನೀವು ಬೇಕಾದವ್ರನ್ನ ಕರೀರಿ’ ಅಂತ ಕುಂತ್ಲು. ಅಷ್ಟ ದೂರ ನಿನ್ನ ಈಗ ಯಾರ ಕರಕೊಂಡ ಹೋಗ್ತಾರ ಅಂದ್ರ, ‘ಆಟದಾಗ ಆಕಿ ಮನಿಗೇ ಹೋಗಿ ಕರೀತೀನಿ’ ಅಂದ್ಲು. ನನ್ನ ಮುಂದ ಕುಂತ, ಕಾರ್ಡಿನ್ಯಾಗ ಇದ್ದಂಗ ಎಲ್ಲಾ ಬರದಾಳ. ತಾರೀಖ, ಟೈಮ, ಮನಿ ನಂಬರ, ಫೋನ್ ನಂಬರ, ಒಂದೂ ಬಿಟ್ಟಿಲ್ಲ. ನಿನಗ ಮುಟ್ಟಿಲ್ಲೇನ ಶೈಲಾ?”

ಶೈಲಾ ಹೌದು ಎನ್ನುವ ಹಾಗೂ ಇಲ್ಲ ಎನ್ನುವ ಹಾಗೂ ತಲೆ ಅಲ್ಲಾಡಿಸಿದಳು.

“ಇವತ್ತ ಆಕೀನೂ ಕರಕೊಂಡ ಬರ್ತಿದ್ವಿ. ಬಾ ಅಂದ್ರ ಬರಲಿಲ್ಲ,” ಎಂದರು ಚಾಚಾ. “ಶೈಲಾಗ ಪರೀಕ್ಷಾ ಅದಾವ, ಆಕಿ ಬರೂದು ಆಗೂದಿಲ್ಲ ಅಂತ ಹೇಳಾಕತ್ತಿದ್ಲು.”

“ಪರೀಕ್ಷಾ? ಈಗ ಯಾವ ಪರೀಕ್ಷಾ?” ಎಂದರು ಅಪ್ಪ.

ಶೈಲಾ ನೆಲ ನೋಡುತ್ತ ನಿಂತಳು. ಸುಲ್ತಾನಾ ಯಾಕೆ ಸುಳ್ಳು ಹೇಳಿದಳು? ನಿಜ ಹೇಳಿದ್ದರೆ ಬೈಸಿಕೊಳ್ಳುವವಳು ಶೈಲಾ ಆಗಿದ್ದಳಲ್ಲ?

ಬೈಕ್ ಹೋದ ಕೂಡಲೇ ಅವಳು ಮೊಬೈಲ್ ಹಿಡಿದು ಭರತನ ಬಳಿಗೆ ಓಡಿದಳು.

“ಅದು ಬೈಗಳ ಅಲ್ಲ ಭರತಣ್ಣ. ಕಾರ್ಡ್ ಅದು! ಮನಿ ಒಕ್ಕಲದ ಕಾರ್ಡ್!”

ಭರತ ನಂಬಲಿಲ್ಲ. ಪರೀಕ್ಷೆ ಮಾಡಿಯೇ ಬಿಡೋಣ ಎಂದ. ಅವನ ಗೇಮಿನ ಅಂಗಳದಲ್ಲಿ ಶೈಲಾ ಒಂದೊಂದೇ ಬೋರ್ಡ್ ನೆಡಬೇಕು, ಅವನು ತನ್ನ ಮೊಬೈಲಿನಲ್ಲಿ ನೋಡಬೇಕು.

‘ನಮ್ಮ ಮನಿಗೆ ಬಾ’ ಎಂದು ಬರೆದಳು. ಸರಿಯಾಗಿ ಕಂಡಿತು.

ಇನ್ನೊಂದು ಬೋರ್ಡಿನಲ್ಲಿ ಅದನ್ನೇ ಬರೆದು, ಕೆಳಗೆ ಅಪ್ಪನ ಫೋನ್ ನಂಬರ್ ಸೇರಿಸಿದಳು. ಬೋರ್ಡ್ ಪೂರಾ ಚುಕ್ಕಿಯಾಯಿತು. ‘ಬಾ’ ಎಂಬುದೂ ಉಳಿಯಲಿಲ್ಲ.

ಮತ್ತೊಂದರಲ್ಲಿ ನಂಬರ್ ಬಿಟ್ಟು ತಾರೀಖು ಹಾಕಿದಳು. ಚುಕ್ಕಿ. ಮನೆ ನಂಬರ್ ಹಾಕಿದಳು. ಮತ್ತೆ ಚುಕ್ಕಿ.

“ಈಗ ಬೈಗಳ ಬರಿ,” ಎಂದ ಭರತ. ಆಯಿಯ ನಾಲ್ಕು ಬೈಗಳ ಒಂದರ ಹಿಂದೊಂದು ಬರೆದರು. ನಾಲ್ಕೂ ಹೂವಿನ ಸಮೇತ ಬಂದು ನಿಂತವು.

ಭರತ ಗೇಮಿನ ರೂಲ್ಸ್ ತೆರೆದ. ಇಂಗ್ಲಿಷಿನಲ್ಲಿತ್ತು. ಬೆರಳಿಟ್ಟುಕೊಂಡು ನಿಧಾನವಾಗಿ ಓದಿದ.

“ಸಣ್ಣ ಹುಡುಗ್ರ ತಮ್ಮ ಫೋನ್ ನಂಬರ್, ಅಡ್ರೆಸ್, ಯಾವತ್ತ ಎಲ್ಲಿ ಸಿಗತೀವಿ ಅನ್ನೂದು ಬರಿಬಾರ್ದಂತ. ಗುರ್ತಿಲ್ಲದ ಮಂದಿ ಯಾರರ ಓದಿ ಮೋಸಾ ಮಾಡಬಹುದಂತ. ಅದಕ್ಕ ಮಶಿನ್ ಅದನ್ನ ಮುಚ್ಚತೈತಿ.”

“ಸುಲ್ತಾನಾ ಗುರ್ತಿಲ್ಲದ ಮಂದೀನ?”

“ನಿನಗ ಗುರ್ತ ಐತಿ. ಮಶಿನ್ನಿಗೆ ಇಲ್ಲಲ್ಲ.”

“ಮತ್ತ ನಾ ಬರದಿದ್ದು? ಅದನ್ನ ಯಾಕ ಮುಚ್ಚಲಿಲ್ಲ?”

“ಅದಕ್ಕ ಇಂಗ್ಲಿಷ್ ಬೈಗಳ ಅಷ್ಟ ಗೊತ್ತ. ನಮ್ಮ ಆಯೀ ಬೈಗಳ ಎಲ್ಲಿಂದ ಗೊತ್ತಾಗಬೇಕ?”

“ನೀನ ಹೇಳಿದಿ, ಚುಕ್ಕಿ ಅಂದ್ರ ಬೈಗಳ ಅಂತ!”

“ನನ್ನ ಗೇಮಿನ್ಯಾಗ ಹಂಗ ಐತಿ…” ಭರತನ ಕಿವಿ ಕೆಂಪಾದವು. ಅವನು ಮೊಬೈಲಿನ ಗಾಜನ್ನು ಅಂಗಿಯಿಂದ ಒರೆಸತೊಡಗಿದ.

ಶೈಲಾಗೆ ಅಳು ಬಂತು, ಸಿಟ್ಟೂ ಬಂತು. ಆದರೆ ಸಿಟ್ಟು ಯಾರ ಮೇಲೆ ಎಂದೇ ತಿಳಿಯಲಿಲ್ಲ. ಭರತನ ಮೇಲೋ? ಅವನು ತನಗೆ ಗೊತ್ತಿದ್ದದ್ದು ಹೇಳಿದ. ಮಶಿನ್ನಿನ ಮೇಲೋ? ಅದು ಅವಳನ್ನು ಕಾಯುವುದಕ್ಕೆ ಚುಕ್ಕಿ ಹಾಕಿತಂತೆ. ಚುಕ್ಕಿ ಕಂಡಾಗ ಸುಲ್ತಾನಾಗೆ ಒಂದು ಫೋನ್ ಮಾಡಿ “ಏನ ಬರದಿ?” ಎಂದು ಕೇಳಬಹುದಿತ್ತು. ಕೇಳದೆ ಇದ್ದವರು ಯಾರು ಎಂದು ಯೋಚಿಸಿದಾಗ ಅವಳಿಗೆ ಇನ್ನಷ್ಟು ಅಳು ಬಂತು.

ಮುಂದಿನ ರವಿವಾರ ಅಪ್ಪ, ಅವ್ವ, ಆಯಿ, ಶೈಲಾ ನಾಲ್ವರೂ ಚಿಕ್ಕೋಡಿಯಲ್ಲಿ ಬಸ್ ಬದಲಿಸಿ ನಿಪ್ಪಾಣಿಗೆ ಹೋದರು. ಮನೆಯಲ್ಲಿ ಗ್ಯಾಸನ್ನೂ ಹಚ್ಚಿರಲಿಲ್ಲ. ಚಹಾ ಇಲ್ಲದೆ ಹೊರಟಿದ್ದಕ್ಕೆ ಆಯಿ ದಾರಿಯುದ್ದಕ್ಕೂ ಬಸ್ಸಿಗೆ ಬೈದಳು.

ಹೊಸ ಮನೆ ಪೇಂಟಿನ ವಾಸನೆ ಹೊಡೆಯುತ್ತಿತ್ತು. ಗೇಟು ಮೌಲಾಲಿ ಚಾಚಾ ತಾವೇ ವೆಲ್ಡಿಂಗ್ ಮಾಡಿದ್ದು. ಬಂದವರೆಲ್ಲ ಮೊದಲು ಗೇಟನ್ನೇ ಮುಟ್ಟಿ ನೋಡುತ್ತಿದ್ದರು. ಸುಲ್ತಾನಾ ಹಸಿರು ಡ್ರೆಸ್ ಹಾಕಿಕೊಂಡು ಎಲ್ಲರಿಗೂ ಶರಬತ್ತು ಕೊಡುತ್ತಿದ್ದಳು. ಅಪ್ಪನಿಗೆ ಕೊಟ್ಟಳು, ಅವ್ವನಿಗೆ ಕೊಟ್ಟಳು, ಆಯಿಗೆ ಬಗ್ಗಿ ಕೊಟ್ಟಳು. ಶೈಲಾಗೂ ಒಂದು ಗ್ಲಾಸು ಕೊಟ್ಟಳು. ಕೊಡುವಾಗ ಗ್ಲಾಸನ್ನೇ ನೋಡುತ್ತಿದ್ದಳು, ಶೈಲಾಳ ಮುಖ ನೋಡಲಿಲ್ಲ.

ಖಾಲಿ ಟ್ರೇ ಹಿಡಿದು ಅವಳು ಮಾಳಿಗೆಯ ಮೆಟ್ಟಿಲು ಹತ್ತಿದಾಗ ಶೈಲಾ ಹಿಂದೆಯೇ ಹೋದಳು.

“ಸುಲ್ತಾನಾ.”

“ಗ್ಲಾಸ್ ಖಾಲಿ ಆಗಿದ್ರ ಕೊಡು.”

“ನೀ ಬರದಿದ್ದು ನನಗ ಕಾಣಲಿಲ್ಲ. ಖರೇನ. ಎಲ್ಲಾ ಚುಕ್ಕಿ ಆಗಿ ಬಂದಿತ್ತ.”

“ಸುಳ್ಳ ಹೇಳಬ್ಯಾಡ. ಆ ಬೋರ್ಡ್ ನಿನ್ನ ಅಂಗಳದಾಗ ಇನ್ನೂ ಐತಿ. ನಾ ದಿನಾ ನೋಡ್ತೀನಿ.”

“ಬರದಾಕಿ ನೀನ, ಅದಕ್ಕ ನಿನಗ ಕಾಣತೈತಿ. ಬ್ಯಾರೆದವ್ರಿಗೆ ಕಾಣೂದಿಲ್ಲ. ನಂಬರ್ ಇದ್ರ ಮಶಿನ್ ಮುಚ್ಚತೈತಂತ. ಅವ್ವನ ಮೊಬೈಲ್ ತಂದೀನಿ, ನೋಡು.”

ಸುಲ್ತಾನಾ ನೋಡಿದಳು. ಐದು ಸಾಲು ಚುಕ್ಕಿ. ಅವಳು ಕೆಳಗೆ ಓಡಿ ಹೋಗಿ ತನ್ನ ಅಮ್ಮಿಯ ಮೊಬೈಲ್ ತಂದಳು. ಎರಡನ್ನೂ ಅಕ್ಕಪಕ್ಕ ಹಿಡಿದಳು. ಒಂದೇ ಅಂಗಳ, ಒಂದೇ ಬೋರ್ಡ್. ಒಂದರಲ್ಲಿ ಚುಕ್ಕಿ, ಇನ್ನೊಂದರಲ್ಲಿ ಅಕ್ಷರ. ಶೈಲಾ ಮೊದಲ ಸಲ ಅದನ್ನು ಓದಿದಳು.

‘ಶೈಲಾಗೆ ಸಲಾಂ. ತಾರೀಖು 14, ರವಿವಾರ, ಮಧ್ಯಾಹ್ನ 12ಕ್ಕೆ ನಮ್ಮ ಹೊಸ ಮನೆ ಒಕ್ಕಲ.’ ಆಮೇಲೆ ಮನೆ ನಂಬರ್ ಇತ್ತು, ಫೋನ್ ನಂಬರ್ ಇತ್ತು. ಕೊನೆಯ ಸಾಲಿನಲ್ಲಿ ‘ಎಲ್ಲಾರಕಿಂತ ಮೊದಲು ನಿನ್ನನ್ನೇ ಕರದೇನಿ’ ಎಂದಿತ್ತು.

ಶೈಲಾ ಆ ಸಾಲನ್ನು ಎರಡು ಸಲ ಓದಿದಳು. “ನಿನ್ನ ಬಾಗಲಾ ನಾ ತಗೊಂಡಿದ್ನೆಲ್ಲ, ಅದಕ್ಕ ಬೈದಿ ಅಂತ ತಿಳಕೊಂಡೆ.”

“ಬಾಗಲಾ ಇಲ್ಲದ್ದು ನೋಡಿದ್ದೆ,” ಎಂದಳು ಸುಲ್ತಾನಾ. “ನಿನ್ನ ಎಮ್ಮಿಗೆ ಬೇಕಾಗಿರಬೇಕಂತ ಸುಮ್ನಾದೆ.”

ಶೈಲಾಗೆ ನಿಂತಲ್ಲೇ ನೆಲ ಬಿರಿಯಬಾರದೇ ಎನಿಸಿತು.

“ನಾ ಬರದಿದ್ದನ್ನ… ನೀನ ಕಿತ್ತೀ?”

“ಹೂಂ.”

“ಸಿಟ್ಟ ಬಂದಿತ್ತ?”

“ಭಾಳ ಬಂದಿತ್ತ. ಆದ್ರ ಸಿಟ್ಟಿಗೆ ಕೀಳಲಿಲ್ಲ.” ಸುಲ್ತಾನಾ ಟ್ರೇಯ ಅಂಚನ್ನು ಉಗುರಿನಿಂದ ಕೆರೆಯುತ್ತ ಹೇಳಿದಳು. “ಗೇಮ್ ಅಮ್ಮಿ ಮೊಬೈಲ್‌ನ್ಯಾಗ ಐತೆಲ್ಲ. ಅಮ್ಮಿ ಅದನ್ನ ಓದಿದ್ರ ನಿಮ್ಮ ಮನಿಗೆ ಕರಿಯಾಕ ಬರತಿದ್ದಿಲ್ಲ.”

ಫೋನಿಗೆ ಬಾರದವಳು, ಪರೀಕ್ಷೆ ಎಂದು ಸುಳ್ಳು ಹೇಳಿದವಳು, ಗೇಟಿಗೆ ಬೀಗ ಹಾಕಿದವಳು. ಅವಳೇ ಶೈಲಾ ಈ ಮನೆಗೆ ಬರಲಿ ಎಂದು ಬೋರ್ಡ್ ಕಿತ್ತಿದ್ದಳು.

“ಅಮ್ಮಿ ಓದಲಿಲ್ಲ. ಆದ್ರ ನಾ ಓದೀನಲ್ಲ,” ಎಂದಳು ಸುಲ್ತಾನಾ. “ಕಿತ್ತ ಮ್ಯಾಲೂ ನನಗ ಕಾಣತೈತಿ.”

“ತಪ್ಪಾತು ಸುಲ್ತಾನಾ.”

ಸುಲ್ತಾನಾ ಅವಳ ಕೈಯಿಂದ ಖಾಲಿ ಗ್ಲಾಸು ತೆಗೆದುಕೊಂಡು ಟ್ರೇಯಲ್ಲಿಟ್ಟಳು. ಕೆಳಗಿನಿಂದ ಊಟಕ್ಕೆ ಕರೆದರು. ಅವಳು ಮುಂದೆ, ಶೈಲಾ ಹಿಂದೆ, ಇಬ್ಬರೂ ಮೆಟ್ಟಿಲು ಇಳಿದರು.

ಪಡಸಾಲೆಯಲ್ಲಿ ಚಾಪೆ ಹಾಸಿದ್ದರು. ಆಯಿ ಆಗಲೇ ಕೂತು ಶಿರಾ ತಿನ್ನುತ್ತಿದ್ದಳು. ಸುಲ್ತಾನಾ ಒಂದು ಚಾಪೆಯ ನಡುವೆ ಕೂತಳು. ಶೈಲಾ ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತಾಗ ಮದಿನಾಬಿ ಚಾಚಿ ಬಡಿಸುವ ಪಾತ್ರೆ ಹಿಡಿದು ಬಂದರು.

“ಚಾಚಿ,” ಎಂದಳು ಶೈಲಾ. ಈಗಲೇ ಎಲ್ಲ ಹೇಳಿಬಿಡಬೇಕು ಎನಿಸಿತ್ತು. “ಆ ಆಟದಾಗ ನಾನು…”

ಕೂತಲ್ಲಿಂದಲೇ ಸುಲ್ತಾನಾ ಅವಳ ಕಾಲು ಚಿವುಟಿದಳು. ಜೋರಾಗಿಯೇ ಚಿವುಟಿದಳು.

ಶೈಲಾ ಚಾಚಿಯ ಮುಖ ನೋಡಿದಳು. ಬೆಳಗಿನಿಂದ ಓಡಾಡಿ ದಣಿದಿದ್ದರೂ ಆ ಮುಖದ ತುಂಬ ಸಂತೋಷವಿತ್ತು. ಹೇಳಿದರೆ ತನ್ನ ಹೊಟ್ಟೆ ಹಗುರವಾದೀತು. ಆ ಭಾರ ಚಾಚಿಯ ಹೊಟ್ಟೆಗೆ ಹೋದೀತು, ಅದೂ ಇವತ್ತಿನ ದಿನ. ಶೈಲಾ ಬಾಯಿ ಮುಚ್ಚಿಕೊಂಡಳು.

“ಏನ ಬೇಟಾ? ಮನಿ ನೋಡಿದೆಲ್ಲ, ಹೆಂಗೈತಿ ನಮ್ಮ ಮನಿ?” ಎಂದು ಚಾಚಿ ಕೇಳಿದರು.

ಸಾಲಿನಲ್ಲಿ ಕೂತವರೆಲ್ಲ ಅವಳ ಕಡೆ ನೋಡಿದರು. ಶೈಲಾಳ ಕಿವಿ ಬಿಸಿಯಾದವು. ಆದರೂ ಎಲ್ಲರಿಗೂ ಕೇಳುವ ಹಾಗೆ, ಒಂದೊಂದೇ ಮಾತು ಬಿಡಿಸಿ ಹೇಳಿದಳು.

“ಭಾಳ ಛಲೋ ಐತ್ರಿ ಚಾಚಿ. ನಿಮ್ಮ ಮನಿ ನೂರ ವರ್ಷ ಹಿಂಗ ಛಲೋ ಇರ್ಲಿ.”

“ಅಬ್ಬಬ್ಬಾ! ದೊಡ್ಡವ್ರ ಗತೆ ಮಾತಾಡ್ತೈತಿ ಹುಡಿಗಿ!” ಚಾಚಿ ನಕ್ಕರು. ಅವ್ವ ನಕ್ಕಳು, ಆಯಿಯೂ ಶಿರಾ ತುಂಬಿದ ಬಾಯಿಂದಲೇ ನಕ್ಕಳು.

ಸುಲ್ತಾನಾ ಮಾತ್ರ ನಗಲಿಲ್ಲ. ಅವಳು ಶೈಲಾಳ ಮುಖವನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತು ಹಾಗೆಯೇ ನೋಡಿ, ಚಾಪೆಯ ಮೇಲೆ ಒಂದಿಷ್ಟು ಸರಿದು ಜಾಗ ಮಾಡಿದಳು.